ಬಾಗಿಲು ಕಾಯುವ ಕಂಪ್ಯೂಟರು

ಕರಿಬಸಪ್ಪ ಹೌಹಾರಿ ಹಿಂದೆ ಸರಿದ. ಪರೀಕ್ಷೆಗೆಂದು ಗುಂಡಿ ಒತ್ತಿದರೆ, ಬಾಗಿಲು ಹಾರುಹೊಡೆದಿದ್ದ ಆಳೆತ್ತರದ ಕುಲುಮೆಯೊಳಗೆ ಬೆಂಕಿ ಭುಗಿಲೆಂದು ಎದ್ದಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ.

ಈ ಕುಲುಮೆಯನ್ನು ನಡೆಸುವುದು ಎರಡು ಪುಟ್ಟ ಕಂಪ್ಯೂಟರುಗಳು. ಒಂದು ಬಾಗಿಲು ಕಾಯುತ್ತದೆ, ಇನ್ನೊಂದು ಗ್ಯಾಸ್ ಹಚ್ಚುತ್ತದೆ. ೧೯೭೮ರಲ್ಲೇ ಇಂಥದ್ದು ಮಾಡಿದೆವಲ್ಲ ಎಂದು ಕುಲುಮೆ ತಯಾರಿಸುವ ರಾಜಾಜಿನಗರದ ಆ ಶೆಡ್ಡು ಬೀಗಿದ್ದೇ ಬೀಗಿದ್ದು. ಅವೆರಡೂ ಹೇಗೆ ಮಾತಾಡಿಕೊಳ್ಳಬೇಕೆಂಬ ನಿಯಮ ಕರಿಬಸಪ್ಪನದು. ಬಾಗಿಲಿನದು ಪ್ರತಿ ಸಲ ‘ಮುಚ್ಚಿದೆ’ ಎಂದರೆ ಮಾತ್ರ ಬೆಂಕಿ ಎಂದು ಬರೆದಿದ್ದ.

“ಹೀಗೆ ವಟವಟ ಅಂತಿದ್ರೆ ತಂತಿ ತುಂಬೋಗುತ್ತೆ,” ಎಂದಿದ್ದರು ಮಾಲೀಕ ಶಂಭುಲಿಂಗಪ್ಪನವರು. “ತೆಗೆದಾಗ ಹೇಳ್ಲಿ ಸಾಕು. ಸುಮ್ನಿದ್ರೆ ಮುಚ್ಚಿದೆ ಅಂತ್ಲೇ ಲೆಕ್ಕ.”

ಅವರು ಬರೀ ಮಾಲೀಕರಲ್ಲ, ಹೆಣ್ಣು ಕೊಟ್ಟ ಮಾವ. ಮಾವನಿಗೆ ಎದುರಾಡುವುದುಂಟೇ? ಹಾಳು ಸಂಕೋಚ, ಕರಿಬಸಪ್ಪ ತುಟಿ ಬಿಚ್ಚದೆ ನಿಯಮವನ್ನು ಹಾಗೇ ತಿದ್ದಿದ್ದ. ಇವತ್ತು ಬಾಗಿಲಿನ ಕಂಪ್ಯೂಟರೇ ಕೆಟ್ಟು ಕೂತಿದೆ. ಕೆಟ್ಟದ್ದು ಏನು ತಾನೇ ಹೇಳೀತು? ಎರಡನೆಯದು ಹಚ್ಚಿಯೇಬಿಟ್ಟಿತು.

ಇದರದೇ ಜೋಡಿ ಕುಲುಮೆ ಇವತ್ತು ಮಧ್ಯಾಹ್ನ ದಾವಣಗೆರೆಯಲ್ಲಿ ಶುರುವಾಗಬೇಕು. ಹೋಗಿರುವವನು ಮೇಸ್ತ್ರಿ ತಿಮ್ಮಯ್ಯ. ಬೆಂಕಿ ಹಚ್ಚುವ ಮುಂಚೆ ಒಳಗೆ ನುಗ್ಗಿ ಇಟ್ಟಿಗೆಗಳನ್ನು ತಟ್ಟಿ ನೋಡದಿದ್ದರೆ ಅವನ ಜೀವಕ್ಕೆ ಸಮಾಧಾನವಿಲ್ಲ.

ಶೆಡ್ಡಿನ ಫೋನು ಸತ್ತು ವಾರವಾಗಿತ್ತು. ಕರಿಬಸಪ್ಪ ಗ್ಯಾಸ್ ನಿಲ್ಲಿಸಿ, ಸ್ಕೂಟರ್ ಹತ್ತಿ ಬಸವೇಶ್ವರನಗರದ ಮಾವನ ಮನೆಗೆ ಧಾವಿಸಿದ. ಅಲ್ಲಿ ಫೋನಿಗೆ ಬೀಗ, ಬೀಗದ ಕೈ ಮಾವನ ಉಡಿದಾರದಲ್ಲಿ, ಮಾವ ಲಿಂಗಪೂಜೆಯಲ್ಲಿ.

“ಪೂಜೆ ಮುಗಿಯೋವರ್ಗೂ ಮಾತಾಡಿಸ್ಬೇಡೀಪ್ಪಾ,” ಎಂದರು ಅತ್ತೆ ಶಿವಗಂಗಮ್ಮ.

ಕರಿಬಸಪ್ಪ ಹೊಸ್ತಿಲಲ್ಲಿ ನಿಂತ. ಒಂದು ಸಲ ಕೆಮ್ಮಿದ. ಮಾವ ಕಣ್ಣು ತೆರೆಯಲಿಲ್ಲ. ವಿಭೂತಿ, ಪತ್ರೆ, ಮಂತ್ರ, ಎಲ್ಲವೂ ನಿಧಾನವಾಗಿ ನಡೆಯುತ್ತಿತ್ತು. ಕೊನೆಗೆ ಅವನಿಂದ ತಡೆಯಲಾಗಲಿಲ್ಲ.

“ಮಾವಾರೇ, ಬೀಗದ ಕೈ ಕೊಡಿ. ನಮ್ಮ ನಿಯಮ ತಪ್ಪು. ಬಾಗಿಲಿನ ಕಂಪ್ಯೂಟರು ಕೆಟ್ರೆ ತಿಮ್ಮಯ್ಯ ಒಳಗಿದ್ರೂ ಬೆಂಕಿ ಹತ್ಕೊಳ್ಳುತ್ತೆ.”

ಶಂಭುಲಿಂಗಪ್ಪನವರ ಮುಖ ಬಿಳಿಚಿಕೊಂಡಿತು. ತಾವೇ ಎದ್ದು ಬಂದು ಅರ್ಜೆಂಟ್ ಟ್ರಂಕ್ ಕಾಲ್ ಬುಕ್ ಮಾಡಿದರು. ಲೈನ್ ಸಿಕ್ಕಾಗ ಮಾವ ಅಳಿಯ ಇಬ್ಬರೂ ರಿಸೀವರಿಗೆ ಕಿವಿ ಕೊಟ್ಟರು. ದಾವಣಗೆರೆಯ ಫೋನು ಗಂಟೆ ಬಾರಿಸುತ್ತಲೇ ಇತ್ತು.

“ಯಾರೂ ಎತ್ತುತ್ತಾ ಇಲ್ಲ ಸಾರ್,” ಎಂದಳು ಎಕ್ಸ್‌ಚೇಂಜಿನ ಹುಡುಗಿ. “ಕ್ಯಾನ್ಸಲ್ ಮಾಡ್ಲಾ?”

ಮಾವನ ಬಾಯಿಂದ ಮಾತು ಹೊರಡಲಿಲ್ಲ. ಅಳಿಯನ ನಾಲಿಗೆಯೂ ಏಳಲಿಲ್ಲ. ಸುಮ್ಮನಿದ್ದರೆ ಸರಿ ಎಂದೇ ಲೆಕ್ಕ ಹಾಕಿ ಆಕೆ ಲೈನ್ ಕತ್ತರಿಸಿದಳು.