ಹೆಪ್ಪಿಗೆ ಬಾರದ ಮೂರು ದಿನ

ಚಿಕ್ಕವೆಂಕಟಮ್ಮ ಹೆಪ್ಪಿಗೆ ಬಾರದೆ ಅಂದಿಗೆ ಮೂರು ದಿನವಾಯಿತು. ಶ್ಯಾಮಲ ಬೆಂಕಿಪೊಟ್ಟಣ ಹಿಡಿದು ದೇವರ ಗೂಡಿನ ಮುಂದೆ ನಿಂತು, ಪಕ್ಕದ ಮನೆಯ ಕಡೆಗೆ ಕಿವಿ ಕೊಟ್ಟಳು. ಸದ್ದಿಲ್ಲ. ದೀಪ ಹಚ್ಚಿದ ಮೇಲೆ ಮನೆಯಿಂದ ಹೆಪ್ಪು ಆಚೆ ಕೊಡುವ ಹಾಗಿಲ್ಲ, ಅದು ಇಬ್ಬರಿಗೂ ಗೊತ್ತು. ಅದಕ್ಕೇ ಹತ್ತು ವರ್ಷದಿಂದ ಚಿಕ್ಕವೆಂಕಟಮ್ಮ ಹೊತ್ತು ಮುಳುಗುವ ಮುಂಚೆ ಪುಟ್ಟ ಸ್ಟೀಲ್ ಲೋಟ ಹಿಡಿದು ಬಂದುಬಿಡುತ್ತಿದ್ದಳು. ಆ ಮನೆಯಲ್ಲಿ ಹೆಪ್ಪಿಗೆಂದು ಒಂದು ಚಮಚ ಮೊಸರು ಉಳಿದಿದ್ದರೆ ತಾನೆ? ಒಬ್ಬನೇ ಮಗ ಸುಧಾಕರ್ ಪಾತ್ರೆಯ ತಳ ಕೆರೆದು ನೆಕ್ಕಿ ಎದ್ದುಹೋಗುವ ಆಸಾಮಿ.

ಗೊತ್ತಾಗಿಹೋಗಿದೆ, ಅಂದುಕೊಂಡಳು ಶ್ಯಾಮಲ. ಕಡ್ಡಿ ಗೀರಿ ದೀಪ ಹಚ್ಚಿದಳು.

ಊರ ಬಸ್ ಸ್ಟಾಪನ್ನು ಸುಧಾಕರನೂ ಅವನ ಇಬ್ಬರು ಗೆಳೆಯರೂ ತಮ್ಮ ಮಾವನ ಮನೆ ಮಾಡಿಕೊಂಡು ಆರು ತಿಂಗಳಾಗಿತ್ತು. ಮಧ್ಯಾಹ್ನ ಮೂರಕ್ಕೇ ಬಾಟಲಿ ತೆರೆಯುತ್ತಿದ್ದರು. ಖಾಲಿಯಾದದ್ದನ್ನು ಕಂಬಕ್ಕೆ ಹೊಡೆದು ಚೂರು ಮಾಡುವುದು ಒಂದು ಆಟ. ಬಂಗಾರಪೇಟೆಯಿಂದ ಐದೂವರೆಗೆ ಬರುವ ಬಸ್ಸಿನಿಂದ ಇಳಿಯುವ ಹುಡುಗಿಯರಿಗೆ ಒಂದೊಂದು ಅಡ್ಡಹೆಸರಿಟ್ಟು ಕೂಗುವುದು ಇನ್ನೊಂದು. ಊರಿನ ಗಂಡಸರು ಕಂಡೂ ಕಾಣದಂತೆ ತಲೆ ಬಗ್ಗಿಸಿ ಹೋಗುತ್ತಿದ್ದರು. ಯಾರಿಗೆ ಬೇಕು ಅವರ ಸಹವಾಸ.

ಕಳೆದ ಶನಿವಾರ ಅವರಲ್ಲೊಬ್ಬ ಶ್ಯಾಮಲಳ ಮಗಳು ನವ್ಯಳ ಬ್ಯಾಗ್ ಕಿತ್ತುಕೊಂಡು, ಪುಸ್ತಕಗಳನ್ನೆಲ್ಲ ಮಣ್ಣಿಗೆ ಸುರಿದು, ಬಗ್ಗಿ ಆಯ್ಕೊ ಅಂದ. ಹುಡುಗಿ ಬಗ್ಗಿ ಆಯ್ದುಕೊಂಡಳು. ಶ್ಯಾಮಲಳನ್ನು ಬಾಯಿ ತುಂಬ ಚಿಕ್ಕಮ್ಮ ಅನ್ನುವ ಸುಧಾಕರ್ ಅಲ್ಲೇ ಕಟ್ಟೆಯ ಮೇಲೆ ಕೂತು ನಗುತ್ತಿದ್ದನಂತೆ. ಎರಡನೇ ಪಿಯುಸಿ ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಕೂಲಿಯಿಂದ ಬಂದ ಗಂಡ ಮುನಿರಾಜ್ ಎಲ್ಲ ಕೇಳಿ, ಇನ್ನೊಂದು ವಾರ ಹೋಗಲಿ, ಅಲ್ಲಿಗೆ ಕಾಲೇಜು ಗೀಲೇಜು ಮುಗೀತು, ಆಚೆ ಸೋಮವಾರದಿಂದ ಮನೇಲಿರಲಿ ಅಂದುಬಿಟ್ಟ. ಅವನಿಗೆ ಕೋಪ ಇದ್ದದ್ದು ಆ ಹುಡುಗರ ಮೇಲೆ, ತೀರಿಸಿಕೊಂಡದ್ದು ಮಗಳ ಮೇಲೆ. ನವ್ಯ ಅಂದಿನಿಂದ ಮುಂದಿನ ಸ್ಟಾಪಿನಲ್ಲಿ ಇಳಿದು, ರಾಗಿ ಹೊಲದ ಬದುವಿನ ಮೇಲೆ ಎರಡು ಮೈಲಿ ವಾಪಸು ನಡೆದು ಬರುತ್ತಿದ್ದಳು.

ಸೋಮವಾರ ಮಧ್ಯಾಹ್ನ ಶ್ಯಾಮಲ ಅಂಗನವಾಡಿ ಟೀಚರ್ ಸುಕನ್ಯಳ ಹತ್ತಿರ ಹೋಗಿ ಪೊಲೀಸ್ ಠಾಣೆಗೆ ಗುಟ್ಟಾಗಿ ಒಂದು ಅರ್ಜಿ ಬರೆಸಿದಳು. ಯಾರ್ಯಾರ ಹೆಸರು ಬರೀಲಿ ಅಂದರೆ, ‘ಯಾರೋ ಕೆಲವರು’ ಅಂತ ಬರೀರಿ ಟೀಚರ್ ಅಂದಳು. ಪಕ್ಕದ ಮನೆ ಅಕ್ಕನ ಮಗನ ಹೆಸರು ಹೇಗೆ ಬರೆಸುವುದು? ನವ್ಯ ಹುಟ್ಟಿದಾಗ ಬಾಣಂತಿಗೂ ಕೂಸಿಗೂ ನೀರು ಹಾಕಿದವಳು ಆ ಅಕ್ಕ. ಅರ್ಜಿಯ ಕೆಳಗೆ ರುಜುವನ್ನೂ ಹಾಕಲಿಲ್ಲ. ಅವತ್ತು ಸಂಜೆಯಿಂದಲೇ ಚಿಕ್ಕವೆಂಕಟಮ್ಮ ಹೆಪ್ಪಿಗೆ ಬರುವುದು ನಿಂತಿತು. ಬೆಳಗ್ಗೆ ಡೇರಿಯಲ್ಲಿ ಹಾಲು ಹಾಕುವಾಗಲೂ ಸಾಲಿನ ಕೊನೆಗೆ ನಿಂತು ಬೇರೆ ಕಡೆ ನೋಡುತ್ತಿದ್ದಳು. ಅಂಗನವಾಡಿಯ ಗೋಡೆಗೂ ಬಾಯಿದೆ ಎಂದು ಶ್ಯಾಮಲ ತನ್ನನ್ನೇ ಬೈದುಕೊಂಡಳು. ಅರ್ಜಿ ಎರಡು ದಿನ ಅಕ್ಕಿ ಡಬ್ಬದಲ್ಲೇ ಮಲಗಿತ್ತು.

ಗುರುವಾರ ಬೆಳಗ್ಗೆ ನವ್ಯ ಕಾಲಿನ ಹಿಮ್ಮಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಬದುವಿನ ಮುಳ್ಳು ಚುಚ್ಚಿ ಊದಿತ್ತು. ಇನ್ನು ನಾಳೆ, ನಾಡಿದ್ದು ಎರಡೇ ದಿನ ಅಲ್ವಾಮ್ಮ, ಅಂದಳು. ಅಷ್ಟೇ. ಅವಳು ಹೋದ ಅರ್ಧ ಗಂಟೆಗೆ ಶ್ಯಾಮಲ ಡಬ್ಬದಿಂದ ಅರ್ಜಿ ತೆಗೆದು, ಅಂಟಿದ ಅಕ್ಕಿ ಕಾಳು ಕೊಡವಿ, ಕಾಮಸಮುದ್ರದ ಬಸ್ಸು ಹತ್ತಿದಳು. ಆದದ್ದಾಗಲಿ. ಹೆಪ್ಪಿನ ಸ್ನೇಹ ಮುರಿದರೆ ಮುರಿಯಲಿ, ಮಗಳು ಓದಲಿ.

ಠಾಣೆಯಲ್ಲಿ ಒಬ್ಬ ಮಹಿಳಾ ಪೇದೆ ಕೂತಿದ್ದಳು. ಅರ್ಜಿ ಓದಿ, ಊರಿನ ಹೆಸರು ಇನ್ನೊಮ್ಮೆ ಕೇಳಿ, ಬಸ್ ಸ್ಟಾಪಿನ ವಿಷಯವಾ ಅಂದಳು. ಅದಕ್ಕೆ ಆಗಲೇ ಕಂಪ್ಲೇಂಟ್ ಬಂದಿದೆ, ಸೋಮವಾರ ಬೆಳಗ್ಗೆ ಠಾಣೆ ಬಾಗಿಲಲ್ಲೇ ಕಾಯುತ್ತಿದ್ದರು ಒಬ್ಬರು ಎಂದಳು. ನೆನ್ನೆ ಮೂವರನ್ನೂ ಕರೆಸಿ ಮುಚ್ಚಳಿಕೆ ಬರೆಸಿಕೊಂಡಿದ್ದಾಯಿತು, ಇವತ್ತು ಸಂಜೆ ಬಸ್ಸಿನ ಹೊತ್ತಿಗೆ ನಾವೇ ಬರುತ್ತೇವೆ ಎಂದೂ ಹೇಳಿದಳು.

ಶ್ಯಾಮಲಳಿಗೆ ಅರ್ಥವಾಗಲಿಲ್ಲ. ಊರಲ್ಲಿ ಅಂಥ ಧೈರ್ಯ ಇರುವವರು ಯಾರಿದ್ದಾರೆ?

“ಯಾರು ಕೊಟ್ಟಿದ್ದು ಮೇಡಂ?”

“ಹೆಸರು ಹೇಳೋ ಹಾಗಿಲ್ಲಮ್ಮ.” ಪೇದೆ ಅರ್ಜಿಯನ್ನು ಮಡಚಿ ಮತ್ತೆ ಬಿಚ್ಚಿದಳು. “ಆ ಶನಿವಾರ ಆ ಹುಡುಗಿ ಹಿಂದೇನೇ ಬಸ್ಸಿಳಿದ್ರಂತೆ, ಕಣ್ಣಾರೆ ನೋಡಿದ್ದಾರೆ. ನೀವು ‘ಯಾರೋ ಕೆಲವರು’ ಅಂತ ಬರೆಸಿದೀರ. ಅವರು ಮೂರು ಹೆಸರೂ ಹೇಳಿ ಹೆಬ್ಬೆಟ್ಟು ಒತ್ತಿದ್ರು. ಮೊದಲನೇದು ನನ್ನ ಮಗಂದು ಬರ್ಕೊಳ್ಳಿ ಅಂದ್ರು.”

ಶ್ಯಾಮಲ ಬೆಂಚಿನ ಮೇಲೆ ಕೂತುಬಿಟ್ಟಳು. ಅಕ್ಕ ಮೂರು ದಿನ ಮುಖ ತಪ್ಪಿಸಿದ್ದು ಕೋಪಕ್ಕಲ್ಲ, ನಾಚಿಕೆಗೆ ಅಂತ ಹೊಳೆದು ಅಳು ಬಂತು. ನೀರು ಬೇಕಾ ಅಂದಳು ಪೇದೆ. ಪೆನ್ನು ಕೊಡಿ ಅಂದಳು ಶ್ಯಾಮಲ. ಅರ್ಜಿಯ ಕೆಳಗೆ ತನ್ನ ಪೂರ್ತಿ ಹೆಸರನ್ನು ನಿಧಾನವಾಗಿ ಬರೆದಳು. ಆಮೇಲೆ ಆಚೆ ಬಂದು ಮಗಳಿಗೆ ಫೋನ್ ಮಾಡಿ, ಇವತ್ತು ನಮ್ಮೂರಲ್ಲೇ ಇಳಿ ಅಂದಳು. ಮುನಿರಾಜನಿಗೂ ಮಾಡಿ, ಕೂಲಿ ಬಿಟ್ಟು ಬೇಗ ಬಾ ಅಂದಳು.

ಐದೂವರೆಗೆ ಬಸ್ ಸ್ಟಾಪಿನ ಮುಂದೆ ಜೀಪು ನಿಂತಿತ್ತು. ಅರ್ಧ ಊರು ನೆರೆದಿತ್ತು, ಆರು ತಿಂಗಳು ತಲೆ ಬಗ್ಗಿಸಿ ಹೋಗುತ್ತಿದ್ದ ಗಂಡಸರೇ ಈಗ ಮುಂದಿನ ಸಾಲಿನಲ್ಲಿ. ಸುಧಾಕರನೂ ಗೆಳೆಯರೂ ಬಗ್ಗಿ ಬಗ್ಗಿ ಗಾಜಿನ ಚೂರು ಆಯ್ದು ಸಿಮೆಂಟ್ ಚೀಲಕ್ಕೆ ತುಂಬುತ್ತಿದ್ದರು. ಬಸ್ಸು ಬಂತು. ನವ್ಯ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತು, ಆಮೇಲೆ ಇಳಿದಳು. ಸುಧಾಕರ್ ತಲೆ ಎತ್ತದೆ ಅವಳ ಕಾಲ ಮುಂದಿನ ಒಂದು ಚೂರನ್ನು ಆಯ್ದುಕೊಂಡು ಪಕ್ಕಕ್ಕೆ ಸರಿದ. ಮುನಿರಾಜ್ ಮಗಳ ಹೆಗಲಿನಿಂದ ಬ್ಯಾಗ್ ತೆಗೆದು ತಾನು ಹಾಕಿಕೊಂಡ. ಮನೆ ಕಡೆ ಹೆಜ್ಜೆ ಹಾಕಿದ.

“ಸೋಮವಾರ ಎಷ್ಟೊತ್ಗೆ ಬಸ್ಸು?” ಎಂದ ಆಮೇಲೆ.

“ಏಳೂವರೆಗೆ” ಎಂದಳು ನವ್ಯ. ಅಷ್ಟು ದಿನದ ಮೇಲೆ ಅವಳ ಹಲ್ಲು ಕಂಡವು.

ಹೊತ್ತು ಮುಳುಗಿತು. ಬೀದಿ ದೀಪ ಹತ್ತಿತು. ಎದುರು ಮನೆಯಿಂದ ಊದುಬತ್ತಿಯ ವಾಸನೆ ಬಂತು. ಅಮ್ಮ, ದೀಪ ಹಚ್ಚಲ್ವಾ ಎಂದು ನವ್ಯ ಎರಡು ಸಲ ಕೇಳಿದಳು. ಶ್ಯಾಮಲ ಮೊಸರಿನ ಪಾತ್ರೆ ಪಕ್ಕದಲ್ಲಿಟ್ಟುಕೊಂಡು ಹೊಸಿಲಲ್ಲಿ ಕೂತೇ ಇದ್ದಳು. ಇರು, ಅಂದಳು.

ಎಷ್ಟೋ ಹೊತ್ತಿಗೆ ಪಕ್ಕದ ಬಾಗಿಲು ಕಿರುಗುಟ್ಟಿತು. ಚಿಕ್ಕವೆಂಕಟಮ್ಮ ಸೆರಗಿನೊಳಗೆ ಕೈ ಮುಚ್ಚಿಕೊಂಡು ಅಂಗಳದಲ್ಲೇ ನಿಂತಳು. ಕಣ್ಣು ಕೆಂಪಗಿದ್ದವು.

“ಒತ್ತಾಗೋಯ್ತು. ದೀಪ ಅಚ್ಚಿರ್ತೀಯ. ನಾಳೆ ಬತ್ತೀನಿ ಬುಡು ಶ್ಯಾಮಲ.”

“ಇಲ್ಲ ಕಣಕ್ಕಾ” ಎಂದಳು ಶ್ಯಾಮಲ. “ನಮ್ಮನೇಲಿ ಇನ್ನಾ ಒತ್ತು ಮುಳುಗಿಲ್ಲ.”

ಸೆರಗಿನಿಂದ ಸ್ಟೀಲ್ ಲೋಟ ಆಚೆ ಬಂತು. ಶ್ಯಾಮಲ ದಿನದ ಒಂದು ಚಮಚದ ಬದಲು ಎರಡು ಹಾಕಿದಳು. ಪಕ್ಕದ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ಒಳಗೆ ಹೋಗಿ ಕಡ್ಡಿ ಗೀರಿದಳು.