ಗುಳ್ಳೆ ಏರುವ ತನಕ

ನನ್ನ ಮಗ ಪ್ರಭು ಲಿಂಗೈಕ್ಯನಾದ ಸುದ್ದಿ ಬಂದ ದಿನ ಅವನ ಮೇಜಿನ ಮೇಲೆ ಕಾರಿನ ಡಿಫರೆನ್ಶಿಯಲ್ ಬಾಯಿ ತೆರೆದುಕೊಂಡೇ ಇತ್ತು. ರಿಮೋಟಿನಿಂದ ಓಡುವ ಮೊಳದುದ್ದದ ಕಾರು ಅದು. ಆಟದ ಸಾಮಾನು ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ತಿರುವಿನಲ್ಲಿ ಹೊರಗಿನ ಗಾಲಿ ಜೋರಾಗಿ, ಒಳಗಿನದು ನಿಧಾನವಾಗಿ ತಿರುಗಲೆಂದು ಟ್ರ್ಯಾಕ್ಟರಿನಲ್ಲಿರುವಂತೆ ಅದರಲ್ಲೂ ಹಲ್ಲುಗಾಲಿಗಳ ಈ ಡಬ್ಬಿ ಇರುತ್ತದೆ. ಬೆಳಿಗ್ಗೆ ಅದನ್ನು ತೊಳೆದು, ಹೊಸ ಎಣ್ಣೆ ಸುರಿದು, "ಎಣ್ಯಾಗಿನ ಗಾಳಿಗುಳ್ಳಿ ಎಲ್ಲಾ ಮ್ಯಾಲ ಏರ್ಲಿ ಅಪ್ಪಾ, ಸಂಜೀಕ ಬಂದು ಮುಚ್ಚತೀನಿ," ಎಂದು ಯಮನೂರಿಗೆ ಹೋಗಿದ್ದ.

ಸಂಜೆ ಬಂದವನು ಗುಲಾಮಹುಸೇನ, ಈ ಕಾರುಗಳ ರೇಸಿನಲ್ಲಿ ಅವನ ಗೆಳೆಯ. ಹೊಸ್ತಿಲ ಹೊರಗೇ ನಿಂತ.

"ಕಾಕಾ, ಹೊಲದಾಗ ಟ್ರ್ಯಾಕಿನ ಗೆರಿ ಹಾಕಾಕತ್ತಿದ್ವಿ. ಎದಿ ಹಿಡಕೊಂಡು ಕುಂತಾಂವ ಏಳಲೇ ಇಲ್ರಿ."

ಅವನು ಅಳುತ್ತಿದ್ದ. ನನಗೆ ಆ ಅಳು ಬೇಡವಾಗಿತ್ತು. ಬೆಳಿಗ್ಗೆ ನನ್ನ ಮಗನನ್ನು ಬಿಸಿಲಿಗೆ ಕರೆದುಕೊಂಡು ಹೋದವನು ಅವನೇ.

ಮಣ್ಣು ಮಾಡಿ ಬಂದ ಮೇಲೆ ನಾನು ಆ ಡಬ್ಬಿಗೆ ಮುಚ್ಚಳ ಹಾಕಿ, ತಿರುಪು ಬಿಗಿದು ಕಾರಿನೊಳಗೆ ಕೂಡಿಸಿದೆ. ನೀರೆತ್ತುವ ಇಂಜಿನ್ನು ಬಿಚ್ಚಿ ಕೂಡಿಸಿ ರೂಢಿಯಿದ್ದ ಕೈ. ಒಳಗಿನ ಎಣ್ಣೆ ನನ್ನ ಮಗ ಸುರಿದದ್ದು, ಅವನ ಕೈಯ ಕೊನೆಯ ಕೆಲಸ. ಅದನ್ನು ಇನ್ನು ಯಾರೂ ಬಿಚ್ಚಬಾರದು ಎಂದು ನಿಶ್ಚಯಿಸಿದೆ.

ಗಣಾರಾಧನೆ ಮುಗಿದ ಮರುದಿನ ಗುಲಾಮಹುಸೇನ ಮತ್ತೆ ಬಂದ. ಪ್ರಭುವಿನ ಗಾಡಿ ಟ್ರ್ಯಾಕಿನಲ್ಲಿ ಒಂದು ಸುತ್ತು ಓಡಬೇಕೆಂದು ಗೆಳೆಯರ ಆಸೆಯಂತೆ.

"ಮಗನ್ನ ಒಯ್ದಿ, ಸಾಲಲಿಲ್ಲೇನಲೇ? ಈಗ ಗಾಡೀನೂ ಬೇಕೇನು?"

"ಏನರೆ ಅನ್ರಿ ಕಾಕಾ, ಅನಸ್ಕೋತೀನಿ," ಎನ್ನುತ್ತ ಅವನು ಕಾರನ್ನು ಎತ್ತಿ ಒಂದು ಹಿಂದಿನ ಗಾಲಿ ತಿರುಗಿಸಿದ. ಜೋಡಿ ಗಾಲಿ ಎಂದಿನಂತೆ ಉಲ್ಟಾ ತಿರುಗಿತು. ಆದರೆ ಒಳಗೆ ಕರಕರ ಎಂದಿತು. ಅವನ ಮುಖ ಬದಲಾಯಿತು. "ಇದರಾಗ ಏನೋ ಬಿದ್ದೈತ್ರಿ. ಹಿಂಗ ಓಡಿಸಿದ್ರ ಹಲ್ಲು ಉಳಿಯೂದಿಲ್ಲ. ಬಿಚ್ಚಬೇಕು."

"ಬಿಚ್ಚಿದ್ರ ಕೈ ಮುರೀತೀನಿ. ಮಣ್ಣಿಗೆ ಬಂದ ದಿನ ಈ ಮೇಜಿನ ಬಾಜು ನಿಂತಾಂವ ನೀನ. ಉಸುಕು ಹಾಕಿ ಹೋಗೀದಿ."

"ನಾ ಉಸುಕು ಹಾಕ್ಲಿ? ಪ್ರಭೂನ ಗಾಡ್ಯಾಗ?" ಅವನ ದನಿಯೂ ಏರಿತು. "ಮುಚ್ಚಿದಾಂವ್ರು ನೀವು. ನಿಮ್ಮನ್ನ ನೀವು ಕೇಳ್ಕೋರಿ!"

ನಾನು ಊರುಗೋಲು ಎತ್ತಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ಗುರವ್ವ ಅಡಿಗೆಮನೆಯಿಂದ ಬಂದಳು.

"ಅಂವಗ ಯಾಕ ಬೈತೀರಿ? ನಾನ ಹಾಕೀನಿ. ಪಣತಿ ಹಂಗ ಬಾಯಿ ತಕ್ಕೊಂಡು ಕುಂತಿತ್ತು. ಮಗನ ಹಣಿಗೆ ಹಚ್ಚಿದ ವಿಭೂತೀನ ಒಂದು ಚಿಟಿಕಿ ಅದಕ್ಕೂ ಹಾಕಿದೆ."

ಬಿಚ್ಚದೆ ಇಟ್ಟರೆ ಮಗ ಸುರಿದ ಎಣ್ಣೆ ಉಳಿಯುತ್ತದೆ. ಆದರೆ ಗಾಡಿ ಎಂದೂ ಓಡದು. ನಾನು ಕೋಲು ಕೆಳಗಿಟ್ಟೆ.

"ಬಿಚ್ಚಲೇ. ಇಲ್ಲೇ, ನನ್ನ ಕಣ್ಣ ಮುಂದ."

ಎಣ್ಣೆ ಬೂದು ಬಣ್ಣಕ್ಕೆ ತಿರುಗಿತ್ತು. ಹಲ್ಲು ಹಲ್ಲನ್ನೂ ಅವನು ಬಿಳಿ ಅರಿವೆಯಿಂದ ಒರೆಸಿದ. ಆ ಅರಿವೆಯನ್ನು ಗುರವ್ವ ಮಡಚಿ ಕೈಯಲ್ಲಿ ಹಿಡಿದಳು. ಮಗನ ಗದ್ದುಗೆಯ ಬುಡದಲ್ಲಿ ಹೂಳಬೇಕಂತೆ. ಪ್ರಭುವಿನದೇ ಬಾಟಲಿಯಿಂದ ಹಲ್ಲುಗಾಲಿ ಮುಳುಗುವಷ್ಟು ಎಣ್ಣೆ ಸುರಿದು ಗುಲಾಮಹುಸೇನ ಮುಚ್ಚಳಕ್ಕೆ ಕೈಹಾಕಿದ.

"ಮುಚ್ಚಬ್ಯಾಡ," ಎಂದೆ. "ಗುಳ್ಳಿ ಏರ್ಲಿ."

"ಸಂಜೀತನ ಆಗ್ತೈತ್ರಿ ಕಾಕಾ."

"ಆಗ್ಲಿ. ಸುಮ್ನ ಕೂಡು. ಮಾತಾಡಬ್ಯಾಡ ನನ್ನ ಜೋಡಿ."

ಗುರವ್ವ ಅವನಿಗೆ ಚಹಾ ಕೊಟ್ಟಳು. ನಾನು ಅವನ ಕಡೆ ಬೆನ್ನು ಮಾಡಿ ಪೂಜೆಗೆ ಕುಳಿತೆ.

ಶಿವನೇ, ಈ ಮನುಷ್ಯನ ಮೇಲಿನ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ. ಅದರ ಕಾವು ನನ್ನ ಮಗನಿಗೆ ತಟ್ಟದಿರಲಿ. ಸಂಜೆಗೆ ಮನೆಗೆ ಬರುತ್ತೇನೆಂದು ಹೋದವನು ನಿನ್ನ ಮನೆಗೆ ಬಂದಿದ್ದಾನೆ. ಅವನಿಗೆ ಶಾಂತಿ ಕೊಡು.