ಅಷ್ಟೂರಿನ ಕಾವಲುಗಾರ ಹಡ್ಡಿ ಮಿಯಾ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಯಾರು ಕಟ್ಟಿದರೋ, ಬೀದರಿನ ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ ಉಸ್ಮಾನ ಮಿಯಾರ ಮನೆ ನೋಡಿಯೇ ಕಟ್ಟಿರಬೇಕು. ಸಕ್ಕರೆ ಕಾಯಿಲೆ ಬಂದದ್ದು ಮಿಯಾರಿಗೆ. ಸಪ್ಪೆ ಚಹಾ ಕುಡಿಯುವ ಶಿಕ್ಷೆ ಹೆಂಡತಿ ಮಹಮೂದಾ ಬೇಗಂಗೆ. ದಿನಾ ಮುಂಜಾನೆ ನಡೆಯಬೇಕು ಎಂದು ಡಾಕ್ಟರು ಹೇಳಿದಾಗ ಮಾತ್ರ ಆಕೆ ತಪ್ಪಿಸಿಕೊಂಡಳು. ಆ ಶಿಕ್ಷೆ ನೀವೇ ಅನುಭವಿಸಿ ಎಂದು ಮುಸುಕೆಳೆದು ಮಲಗಿದಳು.

ಮೂವತ್ತೈದು ವರ್ಷ ನೆಲದ ಮೇಲೆ ಕೂತು ಕಪ್ಪು ಬಿದರಿ ಹೂಜಿ, ತಟ್ಟೆಗಳಿಗೆ ಬೆಳ್ಳಿ ತಂತಿ ಕೂರಿಸಿದ ಮನುಷ್ಯ ಸುಮ್ಮನೆ ನಡಿ ಎಂದರೆ ನಡೆದಾನೆಯೇ? ಆಗ ಬೇಗಂಳ ಅಣ್ಣನ ಮಗ ಕಲೀಮ, ಭಾಲ್ಕಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನು, ಮಿಯಾರ ಫೋನಿಗೆ ಒಂದು ಆಟ ಹಾಕಿಕೊಟ್ಟ. ನಡೆದಷ್ಟೂ ಅದರಲ್ಲಿ ಚಿತ್ರವಿಚಿತ್ರ ಪ್ರಾಣಿಗಳು ಸಿಗುತ್ತವೆ. ಹಿಡಿದದ್ದನ್ನು ಸಾಕಬಹುದು, ಹಳೆಯ ಕಟ್ಟಡ ಇರುವ ಕಡೆ ಕಾವಲಿಗೆ ನಿಲ್ಲಿಸಬಹುದು. ಬೇರೆ ಯಾರಾದರೂ ಬಂದು ತಮ್ಮ ಪ್ರಾಣಿಯಿಂದ ಅದನ್ನು ಹೊಡೆದು ಕೆಡವಿದರೆ ಆ ಜಾಗದ ಕಾವಲು ಅವರದು. ಇಷ್ಟೇ ಆಟ. ಹುಡುಗರದ್ದು ಎನ್ನುತ್ತೀರಾ? ಅರವತ್ತೆರಡರ ಮಿಯಾರು ನಮಾಜು ಮುಗಿಸಿ, ಟೋಪಿಯನ್ನೂ ತೆಗೆಯದೆ, ಫೋನು ಹಿಡಿದು, ಹಳೆಯ ಸುಲ್ತಾನರ ಗೋರಿಗಳಿರುವ ಅಷ್ಟೂರಿನ ದಾರಿಯಲ್ಲಿ ದಡದಡ ನಡೆಯುವುದನ್ನು ನೀವು ನೋಡಿಲ್ಲ.

ಮೂರನೆಯ ದಿನವೇ ಅವರಿಗೆ ಒಂದು ಕಪ್ಪು ಪ್ರಾಣಿ ಸಿಕ್ಕಿತು. ದುಂಡು ಹೊಟ್ಟೆ, ಸಣ್ಣ ಕಿವಿ, ಕೈಯಲ್ಲಿ ತನ್ನಷ್ಟೇ ಉದ್ದದ ಬಿಳಿ ಎಲುಬು. ಆಟದವರು ಇಟ್ಟ ಹೆಸರು ಟಿಬಿಯೊ. ಕೆಮ್ಮಿನ ಔಷಧಿಗೆ ಇಡುವಂಥ ಹೆಸರು. ಮಿಯಾರು ಅದನ್ನು ಅಳಿಸಿ ಹಡ್ಡಿ ಮಿಯಾ ಎಂದು ಬರೆದರು. ಹಡ್ಡಿ ಎಂದರೆ ಎಲುಬು. ಕಪ್ಪು ಮೈಯ ಮೇಲೆ ಬೆಳ್ಳಗೆ ಹೊಳೆಯುವುದನ್ನು ನೋಡಿ, ಇವನು ನಮ್ಮ ಬಿದರಿ ಕೆಲಸದವರ ಮನೆಯಲ್ಲೇ ಹುಟ್ಟಿದವನು ಎಂದು ಹೆಂಡತಿಯ ಮುಂದೆ ಬೀಗಿದರು.

ಬೇಗಂ ನೋಡಿದ್ದು ಎಲುಬನ್ನು ಮಾತ್ರ. ಇದು ಅಕೀಕಾದ ಎಲುಬು, ಮುರಿಯದಂತೆ ನೋಡಿಕೊಳ್ಳಿ ಎಂದು ತಾಕೀತು ಮಾಡಿದಳು. ಕೂಸು ಹುಟ್ಟಿದಾಗ ಕೊಡುವ ಅಕೀಕಾದ ಕುರಿಯ ಎಲುಬನ್ನು ಆ ಓಣಿಯ ಮನೆಗಳಲ್ಲಿ ಮುರಿಯುವುದಿಲ್ಲ. ಕೀಲಿನಲ್ಲಿ ಬಿಡಿಸಿ, ಇಡಿಯಾಗಿಯೇ ಹೂಳುತ್ತಾರೆ, ಕೂಸಿನ ಕೈಕಾಲು ಗಟ್ಟಿಯಿರಲಿ ಎಂದು. ಮಕ್ಕಳಿಲ್ಲದ ಬೇಗಂ ಎಷ್ಟೋ ಮನೆಗಳ ಅಕೀಕಾದಲ್ಲಿ ಕೂತು ಆ ಎಲುಬುಗಳನ್ನು ಜೋಪಾನವಾಗಿ ಆರಿಸಿಟ್ಟವಳು. ತನ್ನ ಮನೆಯಲ್ಲಿ ಆ ಕೆಲಸ ಎಂದೂ ಬರಲಿಲ್ಲ ಎಂಬ ನೋವು ಆಕೆಗೆ ಇದ್ದೇ ಇತ್ತು.

ಒಂದು ದಿನ ಗಂಡನ ಹೆಗಲ ಮೇಲಿಂದ ಇಣುಕಿದಾಗ ಹಡ್ಡಿ ಮಿಯಾ ಹೊಡೆತ ತಿನ್ನುವುದು ಕಂಡಿತು. ಎಲುಬು ಲಟ್ಟೆಂದು ಎರಡಾಯಿತು, ಪರದೆ ಕಪ್ಪಾಯಿತು. ಬೇಗಂ ಅಡುಗೆಮನೆಗೆ ಹೋದವಳು ಸಂಜೆಯವರೆಗೆ ಹೊರಗೆ ಬರಲಿಲ್ಲ. ಅಂದಿನಿಂದ ಮಿಯಾರು ಜಗಳದ ಹೊತ್ತಿಗೆ ಆಕೆಗೆ ಫೋನು ತೋರಿಸಲಿಲ್ಲ. ಚಹಾದ ಮುಂದೆ ವರದಿ ಮಾತ್ರ ಒಪ್ಪಿಸುವರು: ಇವತ್ತು ಅಷ್ಟೂರಿನಲ್ಲಿ ನಿಲ್ಲಿಸಿದೆ, ಔರಾದ ಹುಲಿ ಎಂಬ ಹೆಸರಿನ ಒಬ್ಬ ಬದ್ಮಾಶ್ ಮತ್ತೆ ಕೆಡವಿದ, ನಾಳೆ ಅವನ ಸೊಕ್ಕು ಮುರಿಯುತ್ತೇನೆ. ಆ ಬದ್ಮಾಶನನ್ನು ಮಿಯಾರು ಒಮ್ಮೆಯೂ ಕಂಡಿರಲಿಲ್ಲ. ಎರಡು ವರ್ಷದ ವೈರವೆಲ್ಲ ಫೋನಿನೊಳಗೇ. ಬಿದ್ದವನು ಮರುದಿನ ಮತ್ತೆ ಹೇಗೆ ನಿಲ್ಲುತ್ತಾನೆ ಎಂದು ಬೇಗಂ ಕೇಳಲಿಲ್ಲ. ಅಂಥದ್ದೇ ಇನ್ನೊಂದನ್ನು ಹಿಡಿದಿರಬೇಕೆಂದು ತಾನೇ ತಿಳಿದುಕೊಂಡಳು. ಬಾಯಿಬಿಟ್ಟು ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ, ಬಿಡಿ.

ಡಿಸೆಂಬರಿನ ಕೊನೆಗೆ ಒಂದು ಮುಂಜಾನೆ ಮಿಯಾರು ಅಷ್ಟೂರಿನಿಂದ ಬಂದು, ಸೀಳಿದ ಗುಂಬಜಿನ ಮುಂದೆ ಹಡ್ಡಿ ಮಿಯಾನನ್ನು ನಿಲ್ಲಿಸಿ ಬಂದಿದ್ದೇನೆ, ಯಾರು ಅಲ್ಲಾಡಿಸುತ್ತಾರೋ ನೋಡೋಣ ಎಂದರು. ಚಹಾ ಕುಡಿದು ಕೆಲಸಕ್ಕೆ ಕೂತರು. ಎದೆಯಲ್ಲಿ ಏನೋ ಆಗುತ್ತಿದೆ ಎಂದದ್ದಷ್ಟೇ. ಮಧ್ಯಾಹ್ನದ ಬಾಂಗ್ ಆಗುವ ಹೊತ್ತಿಗೆ ಮುಗಿದುಹೋಗಿತ್ತು.

ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದೆ ಇದ್ದತ್ ಕೂಡಬೇಕು. ಬೇಗಂ ಕೂತಳು. ಮೊದಲ ವಾರ ಆಕೆಗೆ ಹಗಲು ರಾತ್ರಿಯ ಭೇದ ತಿಳಿಯಲಿಲ್ಲ. ಎಂಟನೆಯ ದಿನ ಮಿಯಾರ ಫೋನು ತಾನಾಗಿ ಗುಂಯ್‌ಗುಟ್ಟಿತು. ತೆರೆದರೆ ಆಟದ ಸುದ್ದಿ: ಅಷ್ಟೂರಿನ ಕಾವಲುಗಾರ ಹಸಿದಿದ್ದಾನೆ. ಕೆಳಗೆ ಹಡ್ಡಿ ಮಿಯಾನ ಚಿತ್ರ, ಪಕ್ಕದಲ್ಲಿ ಅರ್ಧ ಬರಿದಾದ ಕೆಂಪು ಹೃದಯ, ಅದರ ಕೆಳಗೆ ಅಕ್ಷರಗಳು: ಕಾವಲು, ಉಸ್ಮಾನ ಮಿಯಾ, ಬೀದರ.

ಆ ಹೆಸರನ್ನು ಆಕೆ ಮತ್ತೆ ಮತ್ತೆ ಓದಿದಳು. ರೇಷನ್ ಕಾರ್ಡಿನಿಂದ ಹೆಸರು ಹೋಗಲಿತ್ತು, ಬ್ಯಾಂಕಿನಿಂದ ಹೋಗಲಿತ್ತು. ಇಲ್ಲಿ ಮಾತ್ರ ಮಿಯಾರು ಇನ್ನೂ ಕಾಯುತ್ತಿದ್ದರು. ಮಿಯಾರು ಹೇಳುತ್ತಿದ್ದಂತೆ, ಅವನಿಗೆ ಹಣ್ಣು ತಿನ್ನಿಸಬೇಕೆಂದರೆ ಆ ಜಾಗಕ್ಕೇ ಹೋಗಬೇಕು, ತಾನು ಹೊಸ್ತಿಲು ದಾಟುವಂತಿಲ್ಲ. ಹೃದಯ ಬರಿದಾದರೆ ಕಾವಲುಗಾರ ಸೊರಗುತ್ತಾನೆ. ಸೊರಗಿದವನನ್ನು ಕೆಡವಲು ಔರಾದ ಹುಲಿಗೆ ಒಂದು ಏಟು ಸಾಕು. ಎಲುಬು ಮುರಿಯುತ್ತದೆ, ಹೆಸರು ಅಳಿಯುತ್ತದೆ. ಯಾ ಅಲ್ಲಾಹ್, ನಾನು ಹೋಗಿ ಒಮ್ಮೆ ಕಣ್ಣಾರೆ ನೋಡುವವರೆಗೆ ಅವನನ್ನು ಬೀಳಿಸಬೇಡ ಎಂದು ಅಂದೇ ದುವಾ ಬೇಡಲು ಶುರುಮಾಡಿದಳು.

ಯಾರಿಗೆ ಹೇಳುವುದು? ಸಾಂತ್ವನಕ್ಕೆ ಬಂದವರು ಕುರಾನು ಓದುತ್ತಿರುವಾಗ ವಿಧವೆ ಮೊಬೈಲ್ ಆಟ ನೋಡುತ್ತಾಳೆ ಎಂದರೆ ಓಣಿ ಸುಮ್ಮನಿದ್ದೀತೇ? ಫೋನನ್ನು ತಲೆದಿಂಬಿನ ಕೆಳಗೆ ಬಚ್ಚಿಟ್ಟಳು. ನಲವತ್ತನೆಯ ದಿನಕ್ಕೆ ಭಾಲ್ಕಿಯಿಂದ ಬಂದ ಕಲೀಮ, ಫೋನು ಸುಮ್ಮನೆ ಬಿದ್ದಿದೆಯಲ್ಲ, ಎಲ್ಲ ಅಳಿಸಿ ಹೊಸದರಂತೆ ಮಾಡಿಕೊಡುತ್ತೇನೆ ಎಂದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ದಿಂಬನ್ನು ಎರಡೂ ಕೈಯಿಂದ ಒತ್ತಿಹಿಡಿದಳು. ಕಲೀಮ ಹೆದರಿ ಮತ್ತೆ ಆ ಮಾತೆತ್ತಲಿಲ್ಲ.

ಗುಟ್ಟು ಗೊತ್ತಿದ್ದದ್ದು ಎದುರುಮನೆಯ ಶಶಿಕಲಾಬಾಯಿಗೆ ಮಾತ್ರ. ಹಲಬರ್ಗಾದ ಒಕ್ಕಲುಮನೆಯ ಹೆಣ್ಣು, ಸಾಲಿಯಲ್ಲಿ ಟೀಚರು, ಊರಿಗೆ ಹೋದಾಗಲೆಲ್ಲ ಹಸಿ ತೊಗರಿಕಾಯಿ ತಂದು ಬೇಗಂಳ ಮುಂದೆ ಸುರಿದು ಸುಲಿಯುತ್ತ ಕೂರುವಳು. ಆಟದ ಗಂಧಗಾಳಿ ಆಕೆಗೂ ಇಲ್ಲ. ಫೋನು ಕೊಡಿ, ನಾನೇ ಅಷ್ಟೂರಿಗೆ ಹೋಗಿ ತಿನ್ನಿಸಿ ಬರುತ್ತೇನೆ ಎಂದಳು. ಬೇಗಂ ಫೋನನ್ನು ಅರ್ಧ ಚಾಚಿ, ಹಿಂದಕ್ಕೆ ಎಳೆದುಕೊಂಡಳು. ಅದು ಕಣ್ಣೆದುರು ಇಲ್ಲದ ಹೊತ್ತಿನಲ್ಲಿ ಅವನು ಬಿದ್ದುಬಿಟ್ಟರೆ?

ವಿಚಿತ್ರ ನಡೆದದ್ದು ಹಸಿವಿನ ಸುದ್ದಿ ಬಂದ ಮರುದಿನವೇ. ಮುಂಜಾನೆ ಎದ್ದು ನೋಡಿದರೆ ಹೃದಯ ತುಂಬಿತ್ತು. ಎರಡು ದಿನ ಇಳಿಯಿತು, ಮೂರನೆಯ ಮುಂಜಾನೆ ಮತ್ತೆ ತುಂಬಿತು. ಹೀಗೇ ವಾರಗಟ್ಟಲೆ.

ಬೇಗಂಗೆ ಕನಸುಗಳು ಬೀಳತೊಡಗಿದ್ದು ಆಗಲೇ. ಮಧ್ಯಾಹ್ನ ಕಣ್ಣು ಎಳೆಯುವ ಹೊತ್ತಿಗೆ ಹಡ್ಡಿ ಮಿಯಾ ಬಾಗಿಲಲ್ಲಿ ಬಂದು ನಿಲ್ಲುವನು. ಎಲುಬಿನಿಂದ ಹೊಸ್ತಿಲನ್ನು ಟಕ್ ಟಕ್ ಎಂದು ತಟ್ಟುವನು. ಒಳಗೆ ಬಾ ಮಗನೇ ಎಂದರೆ ತಲೆಯಾಡಿಸುವನು. ಬಿಸಿಲು ಅವನ ಕಪ್ಪು ಮೈಮೇಲೆ ಎಣ್ಣೆಯಂತೆ ಹರಿಯುವುದು. ಓಣಿಯ ಗೋಡೆಗಳು ಕರಗಿ, ಅವನ ಹಿಂದೆ ಅಷ್ಟೂರಿನ ಗುಂಬಜುಗಳೆಲ್ಲ ಎದ್ದು ನಿಲ್ಲುವವು. ಬೆಳಗಿನ ಜಾವದ ಕನಸು ಬೇರೆ. ಅದರಲ್ಲಿ ಮಿಯಾರು ಕರವಸ್ತ್ರದಲ್ಲಿ ಹಣ್ಣು ಕಟ್ಟಿಕೊಂಡು, ಚಪ್ಪಲಿಯ ಸದ್ದಾಗದಂತೆ ಹೊರಗೆ ಹೋಗುವರು. ಎಲ್ಲಿಗೆ ಎಂದರೆ ತುಟಿಯ ಮೇಲೆ ಬೆರಳಿಡುವರು. ಎಚ್ಚರಾಗಿ ಫೋನು ನೋಡಿದರೆ ಹೃದಯ ತುಂಬಿರುವುದು.

ಎಲುಬು ಜಿನ್ನುಗಳ ಊಟ ಎಂದು ಬೇಗಂ ಅಜ್ಜಿಯಿಂದ ಕೇಳಿದ್ದಳು. ತಿನ್ನಿಸುವವರು ಜಿನ್ನುಗಳೋ, ದೇವದೂತ ಫರಿಶ್ತೆಗಳೋ, ಅಥವಾ ಮಿಯಾರೇ ಬರುತ್ತಾರೋ? ಶಶಿಕಲಾಬಾಯಿಯನ್ನು ಕೇಳಿದಾಗ ಆಕೆ ತೊಗರಿಕಾಯಿ ಸುಲಿಯುವುದನ್ನು ನಿಲ್ಲಿಸಿ, "ಯಾರರೇ ಇರ್ಲಿ ಭಾಬಿ, ಉಣ್ಣಿಸೋ ಕೈ ಕೆಟ್ಟದ್ದಿರಂಗಿಲ್ರಿ" ಎಂದಳು. ಬೇಗಂಗೆ ಅಂದು ಮೊದಲ ಬಾರಿ ಹೊಟ್ಟೆ ತುಂಬ ಉಣ್ಣಬೇಕೆನಿಸಿತು.

ತೊಗರಿಕಾಯಿ ಮುಗಿದು ಮಾವಿನಕಾಯಿ ಬಂತು. ಚಂದ್ರಮಾಸದ ಲೆಕ್ಕಕ್ಕೆ ಇದ್ದತ್ತಿನ ನೂರಾ ಇಪ್ಪತ್ತೆಂಟು ದಿನ ಕಳೆದವು. ನೂರಾ ಇಪ್ಪತ್ತೊಂಬತ್ತನೆಯ ಮುಂಜಾನೆ, ಮೇ ತಿಂಗಳ ಬಿಸಿಲು ಏರುವ ಮೊದಲೇ, ಬೇಗಂ ಶಶಿಕಲಾಬಾಯಿಯ ಕೈ ಹಿಡಿದು ಹೊಸ್ತಿಲು ದಾಟಿ ಆಟೊ ಹತ್ತಿದಳು. ಬೆಳಕು ಕಣ್ಣಿಗೆ ಚುಚ್ಚಿತು. ಕೋಟೆಯ ಕಡೆಯಿಂದ ಬಂದ ಗಾಳಿ ಮುಖಕ್ಕೆ ಬಡಿದಾಗ, ಲೋಕ ಇನ್ನೂ ಇದ್ದಲ್ಲೇ ಇದೆ ಎಂದು ಆಕೆಗೆ ಅಚ್ಚರಿಯಾಯಿತು.

ಅಷ್ಟೂರಿನಲ್ಲಿ ಸಿಡಿಲು ಬಡಿದು ಸೀಳಿದ ಗುಂಬಜಿನ ಮುಂದೆ ಫೋನು ಎತ್ತಿ ಹಿಡಿದಳು. ಪರದೆಯೊಳಗೆ, ಹುಲ್ಲಿನ ಮೇಲೆ, ಎಲುಬನ್ನು ಹೆಗಲಿಗೇರಿಸಿ ಹಡ್ಡಿ ಮಿಯಾ ನಿಂತಿದ್ದ. ಬೇಗಂಳ ಕಣ್ಣು ತುಂಬಿಬಂತು. ಅಷ್ಟರಲ್ಲೇ, ಆ ಜಾಗದಲ್ಲಿ ನಿಂತವರಿಗಷ್ಟೇ ಬರುವ ಸುದ್ದಿಯೊಂದು ಬಂದು ಫೋನು ಗುಂಯ್‌ಗುಟ್ಟಿತು: ಔರಾದ ಹುಲಿ ನಿಮ್ಮ ಕಾವಲುಗಾರನಿಗೆ ಹಣ್ಣು ತಿನ್ನಿಸುತ್ತಿದ್ದಾರೆ.

ಸುತ್ತ ನೋಡಿದರೆ ಇದ್ದವನು ಒಬ್ಬನೇ. ಬೇವಿನ ನೆರಳಲ್ಲಿ, ಬಸ್ ಕಂಡಕ್ಟರನ ಖಾಕಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ, ಫೋನಿನ ಮೇಲೆ ಬೆರಳಾಡಿಸುತ್ತ ನಿಂತಿದ್ದ ಐವತ್ತರ ಮನುಷ್ಯ. ಶಶಿಕಲಾಬಾಯಿ ಸಾಲಿಯ ಹುಡುಗರನ್ನು ಹಿಡಿಯುವ ಗತ್ತಿನಲ್ಲಿ ಹತ್ತಿರ ಹೋಗಿ, ಔರಾದ ಹುಲಿ ನೀವೇನಾ ಎಂದು ಕೇಳಿದಳು. ಹುಲಿ ತಡವರಿಸಿತು. ಹೆಸರು ಮನ್ಮಥಪ್ಪ, ಔರಾದದಿಂದ ಸಂಜೆಯ ಬಸ್ಸಿಗೆ ಬಂದು ಬೀದರದಲ್ಲಿ ತಂಗುವವನು, ಮುಂಜಾನೆ ಬಸ್ಸು ಬಿಡುವ ಮೊದಲು ಇಲ್ಲಿಯವರೆಗೆ ನಡೆದು ಬರುವವನು. ಬೇಗಂಳ ಕೈಯ ಫೋನಿನಲ್ಲಿ ಉಸ್ಮಾನ ಮಿಯಾರ ಹೆಸರು ನೋಡಿ ಅವನ ಮುಖ ಅರಳಿತು.

"ಮಿಯಾರು ಎಲ್ಲಿಗಿ ಹೋಗ್ಯಾರ್ರಿ ಅಕ್ಕಾ? ಮಕ್ಕಾಕ್ಕ, ಉಮ್ರಾಕ್ಕ ಹೋಗಿರಬೇಕು ಅಂತ ತಿಳದೆ. ಮನುಷ್ಯ ಊರಾಗ ಇಲ್ಲದಾಗ ಅವರ ಕಾವಲುಗಾರನ್ನ ಹೊಡೆಯೋದು ಛಲೋ ಅಲ್ರಿ. ಅದಕ್ಕ ಅವರು ಬರೋತನಕ ನಾನೇ ಉಣ್ಣಿಸಿಕೋತ ಬಂದೀನಿ."

"ಅವರು ಹೋದರು ಅಣ್ಣಾ" ಎಂದಳು ಬೇಗಂ. "ಇವನ್ನ ಇಲ್ಲಿ ನಿಲ್ಲಿಸಿದ ದಿನಾನೇ."

ಮನ್ಮಥಪ್ಪ ಬೇವಿನ ಬುಡದಲ್ಲಿ ಕೂತುಬಿಟ್ಟ. ಮುಖ ನೋಡದ ಮನುಷ್ಯನಿಗಾಗಿ ಅಳುವುದು ಹೇಗೆಂದು ತಿಳಿಯದೆ ಮೀಸೆ ತಿರುವಿದ, ಮೂಗು ಒರೆಸಿದ, ಕೊನೆಗೆ ಅತ್ತೇಬಿಟ್ಟ. ಎರಡು ವರ್ಷ ದಿನಾ ಒದೆಯುತ್ತಿದ್ದ ಗೆಳೆಯನನ್ನು ಕಳೆದುಕೊಂಡ ದುಃಖ ಅದು.

ಬೇಗಂ ಅವನ ಮುಂದೆ ಕೂತು, ಇಷ್ಟು ದಿನ ಕಾಪಾಡಿದಿರಿ, ಇನ್ನು ಮುಂದೆಯೂ ಇವನನ್ನು ಯಾರೂ ಹೊಡೆಯದಂತೆ ನೋಡಿಕೊಳ್ಳಿ, ಎಲುಬು ಮುರಿದರೆ ನನ್ನಿಂದ ತಡೆಯಲಾಗುವುದಿಲ್ಲ ಎಂದು ಬೇಡಿಕೊಂಡಳು. ಮನ್ಮಥಪ್ಪ ತಬ್ಬಿಬ್ಬಾಗಿ ನೋಡಿದ.

"ಹೊಡೀದಿದ್ರ ಅವ ಮನಿಗಿ ಹ್ಯಾಂಗ ಬರ್ತಾನ್ರಿ ಅಕ್ಕಾ?"

ಮುರಿಯುವುದೆಲ್ಲ ಬರೀ ತೋರಿಕೆ ಎಂದು ಅವನು ಬಿಡಿಸಿ ಹೇಳಿದ. ಬಿದ್ದ ಕಾವಲುಗಾರ ಇಡಿಯಾಗಿ, ತನ್ನ ಎಲುಬಿನ ಸಮೇತ, ಯಜಮಾನನ ಫೋನಿಗೆ ಮರಳುತ್ತಾನೆ. ಇಷ್ಟು ದಿನ ಬೀಳುತ್ತಿದ್ದವನು, ಮತ್ತೆ ನಿಲ್ಲುತ್ತಿದ್ದವನು ಒಬ್ಬನೇ. ನಿಲ್ಲಿಸಿದವರು ಬಾ ಎಂದರೂ ಬರುವಂತಿಲ್ಲ. ಯಾರಾದರೂ ಹೊಡೆದು ಬಿಡಿಸಿದರೆ ಮಾತ್ರ ಅವನಿಗೆ ಮನೆಯ ದಾರಿ.

ಬೇಗಂ ನಕ್ಕಳೋ ಅತ್ತಳೋ ಶಶಿಕಲಾಬಾಯಿಗೆ ತಿಳಿಯಲಿಲ್ಲ. ನೂರಾ ಇಪ್ಪತ್ತು ದಿನ ಐದೂ ಹೊತ್ತು ಬೇಡಿದ ದುವಾ ಎಲ್ಲ, ಅವನು ಮನೆಗೆ ಬಾರದಿರಲಿ ಎಂಬ ದುವಾ ಆಗಿತ್ತು. ತಾನು ಒಳಗೆ ಕೂತು ಹೊರಗೆ ಬರಲಾರದೆ, ಅವನು ಹೊರಗೆ ನಿಂತು ಒಳಗೆ ಬರಲಾರದೆ, ಇಬ್ಬರೂ ಒಂದೇ ಇದ್ದತ್ ಕೂತಿದ್ದರು. ತನ್ನದು ನಿನ್ನೆ ಮುಗಿಯಿತು, ಅವನದು ಮುಗಿದಿಲ್ಲ. ಪರದೆಯ ಮೇಲಿನ ಆ ಹೆಸರನ್ನು ಆಕೆ ಬೆರಳಿಂದ ಸವರಿದಳು. ಅವನು ಮನೆಗೆ ಬಂದರೆ ಈ ಹೆಸರು ಈ ಜಾಗದಿಂದ ಹೋಗುತ್ತದೆ. ಅದು ಆಕೆಗೆ ಚೆನ್ನಾಗಿ ಗೊತ್ತಿತ್ತು.

"ಹೊಡೀರಿ ಅಣ್ಣಾ" ಎಂದಳು.

ನನ್ನಿಂದಾಗದು ಎಂದು ಮನ್ಮಥಪ್ಪ ಎರಡೂ ಕೈ ಹಿಂದಕ್ಕೆ ಇಟ್ಟುಕೊಂಡ.

"ನೀವೇ ಹೊಡೀಬೇಕ್ರಿ. ಬ್ಯಾರೆಯವರ ಕೈಲೆ ಬಿದ್ದರ ನಮ್ಮವರಿಗಿ ಸಿಟ್ಟು ಬರ್ತದ" ಎಂದಳು ಬೇಗಂ.

ಮನ್ಮಥಪ್ಪ ತನ್ನ ಪಟ್ಟೆಪಟ್ಟೆಯ ಪ್ರಾಣಿಯನ್ನು ಕಣಕ್ಕಿಳಿಸಿದ. ಬೇಗಂ ಈ ಸಲ ಮುಖ ತಿರುಗಿಸಲಿಲ್ಲ. ಹಡ್ಡಿ ಮಿಯಾ ಸುಲಭಕ್ಕೆ ಬೀಳಲಿಲ್ಲ. ಎಲುಬು ತಿರುಗಿಸಿ ಎರಡು ಸಲ ಎದುರಾಳಿಯನ್ನು ಕೆಡವಿದ, ಮೂರನೆಯ ಸಲ ತಾನು ಬಿದ್ದ. ಪರದೆ ಕಪ್ಪಾಯಿತು. ಆಮೇಲೆ ಅಂಗೈಯೊಳಗೆ ಫೋನು ಮೆಲ್ಲಗೆ ಅದುರಿ, ಅವನು ಕಣ್ಣುಜ್ಜಿಕೊಳ್ಳುತ್ತ ಎದ್ದು ಕೂತ. ಬಾ ಮಗನೇ ಎಂದು ಬೇಗಂ ಫೋನನ್ನು ಎದೆಗೊತ್ತಿಕೊಂಡು, ನಾಲ್ಕು ತಿಂಗಳಿನಿಂದ ಅಳದಷ್ಟು ಅತ್ತಳು. ಶಶಿಕಲಾಬಾಯಿ ಬೆನ್ನು ಸವರುತ್ತ ನಿಂತಳು.

ಗುಂಬಜಿನ ಕಾವಲು ಖಾಲಿಯಿತ್ತು. ಗೆದ್ದವನು ತನ್ನದನ್ನು ನಿಲ್ಲಿಸಬೇಕು, ಆಟದ ನಿಯಮ ಅದು. ಮನ್ಮಥಪ್ಪ ಫೋನು ಜೇಬಿಗೆ ಹಾಕಿ, ಇನ್ನು ಈ ಆಟ ಸಾಕು, ಈ ಜಾಗ ಮಿಯಾರ ಹೆಸರಲ್ಲಿ ಖಾಲಿಯೇ ಇರಲಿ ಎಂದು ಹೊರಟ. ಬಸ್ಸಿನ ಹೊತ್ತೂ ಆಗಿತ್ತು.

ಬೇಗಂ ಕಣ್ಣೊರೆಸಿಕೊಂಡು ಅವನನ್ನು ಕರೆದಳು.

"ನಿಮ್ಮ ಹುಲೀನ ನಿಲ್ಲಿಸಿ ಹೋಗ್ರಿ. ನಾಳಿ ಮುಂಜಾನಿ ನಾ ಬರ್ತೇನಿ, ಹೊಡೀಲಾಕ."